ಹದಿನೇಳನೇ ನಂಬರಿನ ಗಾಜು

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಕಾಯಿಲೆಯ ವಿಷಯ ಆಮೇಲೆ.

ನಾನು ಆಶಾ ಕಾರ್ಯಕರ್ತೆ. ಹೆಸರು ಸುಮಿತ್ರಾ. ಆನಂದಪುರದ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಊರಿನಲ್ಲಿ ಹದಿಮೂರು ವರ್ಷದಿಂದ ಮನೆ ಮನೆ ತಿರುಗುತ್ತಿದ್ದೇನೆ. ಯಾರಿಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾರು ಕಬ್ಬಿಣದ ಮಾತ್ರೆ ಇಸಿದುಕೊಂಡು ಹಿತ್ತಲಿಗೆ ಎಸೆಯುತ್ತಾರೆ, ಎಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ.

ನಮ್ಮ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆಯ ಕ್ಯಾಂಪ್ ಇಟ್ಟಾಗ ಮೂವತ್ತು ಹೆಂಗಸರನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಬಿ.ಪಿ. ನೋಡುತ್ತಾರೆ ಅಂದರೆ ನಮ್ಮೂರಿನವರು ಬರುತ್ತಾರೆ. ಶುಗರ್ ನೋಡುತ್ತಾರೆ ಅಂದರೆ ಗಂಡನನ್ನೂ ಕರೆದುಕೊಂಡು ಬರುತ್ತಾರೆ. ಇದು ಅಂದರೆ ಮಾತ್ರ ಸೆರಗು ಸರಿ ಮಾಡಿಕೊಂಡು, "ನಂಗೆಂತದೂ ತೊಂದ್ರೆ ಇಲ್ಲ ಕಣೇ" ಎಂದು ಒಳಗೆ ಹೋಗಿಬಿಡುತ್ತಾರೆ. ಅವರನ್ನು ಒಪ್ಪಿಸಲು ನನ್ನ ಹತ್ತಿರ ಒಂದು ಮಾತು ಇತ್ತು. "ನಾನೂ ಮಾಡಿಸ್ಕೊಂಡಿದೀನಿ. ಎರಡೇ ನಿಮಿಷ. ಇರುವೆ ಕಚ್ಚಿದಷ್ಟೂ ನೋವಾಗಲ್ಲ. ಏನಾದ್ರೂ ಇದೆ ಅಂತ ಬಂದ್ರೂ ಹೆದರ್ಬಾರ್ದು, ತುಂಬಾ ಜನಕ್ಕೆ ಬರುತ್ತೆ." ಈ ಮಾತನ್ನು ಎಷ್ಟೋ ಅಂಗಳಗಳಲ್ಲಿ, ಕೊಟ್ಟ ಚಹಾ ಕುಡಿಯುತ್ತಾ, ನಗುನಗುತ್ತಾ ಹೇಳಿದ್ದೇನೆ.

ನಾನು ಮಾಡಿಸಿಕೊಂಡಿರಲಿಲ್ಲ. ನನಗಾಗ ನಲವತ್ತಮೂರು. ಯಾಕೆ ಮಾಡಿಸಿಕೊಂಡಿರಲಿಲ್ಲ ಎಂದರೆ ಹೆದರಿಕೆ. ಬೇರೆ ಕಾರಣ ಹುಡುಕಲು ಹೊರಟರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕ್ಯಾಂಪಿನ ದಿನ ಮೂವತ್ತೂ ಜನ ಬಂದರು. ಮೊದಲ ಮೇಜಿನಲ್ಲಿ ಬಿ.ಪಿ., ಎರಡನೇ ಮೇಜಿನಲ್ಲಿ ಬೆರಳು ಚುಚ್ಚಿ ಶುಗರ್, ಆಮೇಲೆ ಹಸಿರು ಪರದೆಯ ಹಿಂದೆ ಇದು. ಡಾಕ್ಟರಮ್ಮ ಬೇರೆ ತಾಲ್ಲೂಕಿನವರು, ಜೊತೆಗೆ ಬಂದ ಸಿಸ್ಟರ್ ಕೂಡ. ನಮ್ಮವರಾರ ಮುಖವೂ ಅವರಿಗೆ ಗುರುತಿರಲಿಲ್ಲ. ಪಟ್ಟಿಯಲ್ಲಿ ಯಾರ ನಂಬರ್ ಎಷ್ಟೋ ಅದನ್ನು ಮೊದಲೇ ಮಾದರಿ ಸವರುವ ಗಾಜಿನ ಚೂರಿನ ಮೇಲೆ ಬರೆದು ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದರು. ಬಾಗಿಲಲ್ಲಿ ನಿಂತು ಹೆಸರು ಕರೆಯುವುದು ನನ್ನ ಕೆಲಸ.

ಹದಿನೇಳನೆಯವಳು ಗಿರಿಜಕ್ಕ. ನಮ್ಮ ಪಕ್ಕದ ಮನೆಯವಳು, ಐವತ್ತೈದು ದಾಟಿದವಳು. ಕೋಳಿಗೂಡಿಗೆ ನುಗ್ಗಿದ ಕೇರೆಹಾವನ್ನು ಬಾಲ ಹಿಡಿದು ಹೊರಗೆಳೆದ ಗಟ್ಟಿಗಿತ್ತಿ. ಅವಳು ಪರದೆಯ ಹಿಂದೆ ಹೋದ ಅರ್ಧ ನಿಮಿಷಕ್ಕೆ, ಡಾಕ್ಟರಮ್ಮ ಕೈ ತೊಳೆದು ತಿರುಗುವ ಮೊದಲೇ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ನನ್ನನ್ನು ಮೂಲೆಗೆ ಎಳೆದು, "ನನ್ ಕೈಲಾಗಲ್ಲ ಸುಮಿತ್ರಾ. ಅದೆಂತ ಹಂಗೆ ಮಲಗಾದು? ಮಾಡ್ಸಿದಾಳೆ ಅಂತ ಬರ್ಕೊಂಡ್ಬಿಡು. ಮನೇಲಿ ಸೊಸೆ ಕೇಳ್ತಾಳೆ" ಎಂದಳು. "ಆಯ್ತು, ಬರ್ಕೊಳ್ತೀನಿ, ಹೋಗು" ಎಂದೆ.

ತಟ್ಟೆಯಲ್ಲಿ ಹದಿನೇಳು ಎಂದು ಬರೆದ ಗಾಜು ಹಾಗೇ ಉಳಿದಿತ್ತು. ಒಳಗಿನಿಂದ "ಮುಂದಿನವರು ಬನ್ನಿ" ಎಂದರು. ನನ್ನ ಹೆಸರನ್ನು ಪಟ್ಟಿಗೆ ಸೇರಿಸುವಂತಿರಲಿಲ್ಲ. ಸೇರಿಸಿದರೆ ಮೂವತ್ತು ಹೆಂಗಸರ ಎದುರು ನನ್ನ ಸುಳ್ಳು ಬಯಲಾಗುತ್ತಿತ್ತು. ಈಗ ಖಾಲಿ ಗಾಜೊಂದು ಸಿಕ್ಕಿತು, ಒಂದೇ ಕಲ್ಲಿಗೆ ಎರಡು ಹಕ್ಕಿ ಬಿದ್ದ ಹಾಗಾಯಿತು ಅನ್ನಿಸಿತು. ಪಟ್ಟಿ ಬೆಂಚಿನ ಮೇಲಿಟ್ಟು ಒಳಗೆ ಹೋದೆ.

"ಹೆಸರು?"

"ಗಿರಿಜಮ್ಮ."

"ವಯಸ್ಸು?"

"ಐವತ್ತೈದು."

ಡಾಕ್ಟರಮ್ಮ ತಲೆಯೆತ್ತಿ ನೋಡಿ, "ಐವತ್ತೈದು ಅನ್ಸಲ್ಲಮ್ಮ ನೀವು" ಎಂದರು. ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು. ನೋವು ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿಯೇ ಇತ್ತು. ಹೊರಗೆ ಬಂದು ಹದಿನೆಂಟನೆಯವರನ್ನು ಕರೆದೆ.

ತಿಂಗಳು ಕಳೆದಿರಬೇಕು. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದೆ. ನಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಫೋನ್ ಮಾಡಿದರು. ಅವರ ಜೊತೆ ಕೆಲಸ ಮಾಡಿ ನನಗೆ ಎಂಟು ವರ್ಷ. ಬೈದರೂ ಬಿಟ್ಟುಕೊಡದವರು. "ಸುಮಿತ್ರಾ, ಕ್ಯಾಂಪಿನ ರಿಪೋರ್ಟ್ ಬಂತು. ಎಲ್ಲ ಸರಿ ಇದೆ, ಹದಿನೇಳನೇ ನಂಬರಿಂದು ಮಾತ್ರ ಬದಲಾವಣೆ ಇದೆ ಅಂತ ಬರೆದಿದಾರೆ. ಗಿರಿಜಮ್ಮ ಅಂತ. ಶಿವಮೊಗ್ಗಕ್ಕೆ ಕಳಿಸ್ಬೇಕು. ಹೆದರ್ಸಬೇಡ, ಇದು ಎಷ್ಟೋ ಜನಕ್ಕೆ ಬರುತ್ತೆ ಅಂತ ಹೇಳು. ನಿಂಗೆ ಹೇಳ್ಕೊಡೋದೇನಿದೆ."

"ಆಯ್ತು ಸಿಸ್ಟರ್" ಎಂದೆ. ತೂಕದ ಜೋಲಿಯಲ್ಲಿದ್ದ ಮಗುವಿನದು ಒಂಬತ್ತು ಕಿಲೋ ಇನ್ನೂರು. ಬರೆದುಕೊಂಡೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ, ಅಕ್ಷರ ಒಂದಿಷ್ಟೂ ಅಲುಗಿಲ್ಲ.

ಅಳು ಬರಲಿಲ್ಲ. ಎದೆ ಹೊಡೆದುಕೊಳ್ಳಲೂ ಇಲ್ಲ. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದರೆ ಅದು ನಮ್ಮ ಕಾಲೇ ಅಲ್ಲ ಅನ್ನಿಸುತ್ತದಲ್ಲ, ನಾನು ಪೂರ್ತಿ ಹಾಗಿದ್ದೆ. ಮನೆಗೆ ಬಂದು ಅಕ್ಕಿ ತೊಳೆದೆ. ಕುದಿಯುವ ಚಹಾ ಕುಡಿದು ನಾಲಿಗೆ ಸುಟ್ಟುಕೊಂಡದ್ದು ಮರುದಿನ ಊಟದಲ್ಲಿ ಗೊತ್ತಾಯಿತು. ಟಿವಿಯಲ್ಲಿ ಯಾರೋ ನಗಿಸಿದರೆ ನಕ್ಕೆ. ನನ್ನ ಗಂಡ ನಾಗರಾಜ ಆನಂದಪುರದಲ್ಲಿ ಲಗೇಜ್ ಆಟೋ ಓಡಿಸುತ್ತಾರೆ. ಅವರು, "ಎಂತ, ಸಪ್ಪಗಿದೀಯಾ?" ಎಂದು ಕೇಳಿದರು. "ಮಕ್ಕಳ ತೂಕ ಕಡಿಮೆ ಬಂದಿದೆ" ಎಂದೆ. ಪರವಾಗಿಲ್ಲ, ನಾನು ಧೈರ್ಯವಂತೆ ಎಂದು ನನಗೆ ನಾನೇ ಶಭಾಸ್ ಹೇಳಿಕೊಂಡೆ. ರಿಪೋರ್ಟಿನ ಮೇಲೆ ನನ್ನ ಹೆಸರಿಲ್ಲವಲ್ಲ, ಅದಕ್ಕೇ ಇರಬೇಕು. ಕಾಯಿಲೆ ಯಾರದೋ ಹೆಸರಿನಲ್ಲಿ ಎಲ್ಲೋ ಇತ್ತು.

ಯಾರಿಗೂ ಹೇಳದೆ ಸಾಗರದಲ್ಲಿ ನನ್ನ ಹೆಸರಿನಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರಾಯಿತು ಎಂಬ ಲೆಕ್ಕಾಚಾರವೂ ತಲೆಯಲ್ಲಿ ಓಡಿತ್ತು. ಸೋಮವಾರ ಹೋಗುವುದು ಅಂದುಕೊಂಡೆ. ಸೋಮವಾರ ಬಂತು, ಹೋಯಿತು. ಗಿರಿಜಕ್ಕನಿಗೆ ಹೇಳುವ ಪ್ರಶ್ನೆಯೇ ಇರಲಿಲ್ಲ, ಅವಳದಲ್ಲವಲ್ಲ. ಆದರೆ ಸಿಸ್ಟರ್ ಸುಮ್ಮನೆ ಕೂರುವವರಲ್ಲ. ವಾರ ಕಾದು, ನನ್ನಿಂದ ಸುದ್ದಿ ಬಾರದ್ದಕ್ಕೆ, ಪಟ್ಟಿಯಲ್ಲಿದ್ದ ನಂಬರಿಗೆ ತಾವೇ ಫೋನ್ ಮಾಡಿದರು. ಅದು ಗಿರಿಜಕ್ಕನ ಸೊಸೆಯ ನಂಬರ್.

ಅದರ ಮರುದಿನ ಬೆಳಿಗ್ಗೆ ಗಿರಿಜಕ್ಕ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಕಿವಿ ಬರಿದಾಗಿತ್ತು. ಓಲೆ ಬಿಚ್ಚಿ ಮೊಮ್ಮಗಳಿಗೆ ಎಂದು ಸೊಸೆಯ ಕೈಗೆ ಕೊಟ್ಟಿದ್ದಳಂತೆ. ನನ್ನ ಎದುರು ಕೂತು, ಭರಣಿಯನ್ನು ನನ್ನ ಕಡೆ ತಳ್ಳಿ, "ಇಟ್ಕೋ. ಬರೋ ವರ್ಷ ಹಾಕಕ್ಕೆ ಇರ್ತೀನೋ ಇಲ್ವೋ" ಎಂದಳು.

"ಎಂತ ಮಾತು ಗಿರಿಜಕ್ಕ ಇದು?"

"ನಿಂಗೆ ಗೊತ್ತಿಲ್ವಾ? ನರ್ಸಮ್ಮ ಫೋನ್ ಮಾಡಿದ್ರು. ನಂಗೆ ಅದು ಬಂದಿದೆಯಂತೆ. ನೀನು ಅವತ್ತು ಎಳ್ಕೊಂಡು ಹೋಗ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಮಾರಾಯ್ತಿ. ನಿನ್ ಋಣ ಹೆಂಗೆ ತೀರ್ಸಾದು?"

"ನೀನು ಮಾಡಿಸ್ಕೊಂಡೇ ಇಲ್ವಲ್ಲ!"

"ಬೆರಳು ಚುಚ್ಚಿ ರಕ್ತ ತಗೊಂಡ್ರಲ್ಲ, ಅದ್ರಲ್ಲೇ ಸಿಕ್ಕಿರ್ಬೇಕು. ಈಗ ಒಂದು ಹನಿ ರಕ್ತದಲ್ಲಿ ಎಲ್ಲಾ ಹೇಳ್ತಾರಂತೆ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಸುಳ್ಳು ಬರೆಸಿದ್ನಲ್ಲ, ಅದಕ್ಕೇ ಬಂತು. ನಿನ್ನೆಯಿಂದ ಇಲ್ಲೊಂಥರಾ ಭಾರ ಅನ್ಸುತ್ತೆ."

ಅವಳಿಗೆ ನೋವು ಶುರುವಾಗಿತ್ತು. ನನ್ನ ಕಾಯಿಲೆಯ ನೋವು ಅವಳಿಗೆ ಬರುತ್ತಿತ್ತು, ನನಗೆ ಏನೂ ಆಗುತ್ತಿರಲಿಲ್ಲ. ಮಾತಾಡದೆ ಕೂತರೆ ಈ ಹೆಂಗಸು ಹೆದರಿಯೇ ಹಾಸಿಗೆ ಹಿಡಿಯುತ್ತಾಳೆ ಅನ್ನಿಸಿತು. ಹೇಳಿದೆ. ಖಾಲಿ ಗಾಜು, ಪರದೆ, ನಾನು ಹೇಳಿದ ಅವಳ ಹೆಸರು, ಅವಳ ವಯಸ್ಸು, ಎಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದೆ.

"ಅಂದ್ರೆ ನಂದಲ್ವಾ ಅದು?"

"ನಿಂದಲ್ಲ ಗಿರಿಜಕ್ಕ."

ತಲೆಯೆತ್ತಿ ನೋಡಿದೆ. ಅವಳ ಮುಖ ಅರಳಿತ್ತು. ಅವಳು ಬೇಕೆಂದು ಮಾಡಿದ್ದಲ್ಲ, ತಡೆಯಲಾಗಲಿಲ್ಲ ಅಷ್ಟೆ. ಕಣ್ಣು, ಕೆನ್ನೆ, ಬರಿದಾದ ಕಿವಿ ಕೂಡ ಬೆಳಗಿದಂತಿತ್ತು. ಒಬ್ಬರಿಗೆ ಇಷ್ಟು ಬಿಡುಗಡೆ ಅನ್ನಿಸಬೇಕಾದರೆ ಇನ್ನೊಬ್ಬರಿಗೆ ಬಂದದ್ದು ಎಂಥದಿರಬೇಕು ಎಂದು ಆಗ ಲೆಕ್ಕ ಹಾಕಿದೆ. ಅದು ನನ್ನದು ಎಂದು ನನಗೆ ಗೊತ್ತಾದದ್ದು ಅವಳ ಮುಖ ನೋಡಿ.

ಆಮೇಲೆ ಅವಳಿಗೂ ಅರ್ಥವಾಯಿತು, ಮುಖ ಬದಲಾಯಿತು. ನಾಚಿಕೆಯೋ ಸಿಟ್ಟೋ ಹೇಳಲಾರೆ. "ಒಂದು ವಾರದಿಂದ ಗೊತ್ತಿತ್ತಾ ನಿಂಗೆ?" ಎಂದಳು. ಹೌದು ಎಂದೆ. ಎದ್ದು ನಿಂತಳು, ಉಪ್ಪಿನಕಾಯಿ ಭರಣಿಯನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡಳು, ಹೋಗಿಬಿಟ್ಟಳು.

ಆ ಸಂಜೆ ಗಂಡನಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಇದು ಹೆಂಗೆ ಬರುತ್ತೆ?" ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು ನನಗೆ ಗೊತ್ತು. "ಗಂಡ ಹೆಂಡತಿ ನಡುವೆ ಬರೋ ವೈರಸ್. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳೋಕೆ ಆಗಲ್ಲ. ಎಷ್ಟೋ ವರ್ಷದ ಹಿಂದೆ ಬಂದಿರಬಹುದು" ಎಂದೆ, ಬೇರೆಯವರ ಮನೆಯಲ್ಲಿ ಹೇಳುವ ದನಿಯಲ್ಲೇ. ಅವರು ಹೊರಗೆ ಹೋಗಿ ಆಟೋ ತೊಳೆದರು. ತೊಳೆದು ಮುಗಿದ ಮೇಲೆ ಮತ್ತೊಮ್ಮೆ ತೊಳೆದರು. ನನಗೆ ಸಿಟ್ಟೂ ಬರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ನೀರು ಹರಿದು ಹೋಗುವುದನ್ನು ನೋಡಿದೆ. ಒಳಗೆ ಬಂದವರು, "ಶಿವಮೊಗ್ಗಕ್ಕೆ ಯಾವತ್ತು ಹೋಗ್ಬೇಕು?" ಎಂದರು. ಅಷ್ಟು ಸಾಕಾಯಿತು.

ಸಿಸ್ಟರ್ ಎದುರು ನಿಂತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ಪೆನ್ನು ಕೆಳಗಿಟ್ಟು, "ಊರಿನ ಹೆಂಗಸರನ್ನೆಲ್ಲ ಧೈರ್ಯ ಹೇಳಿ ಕರ್ಕೊಂಡು ಬಂದು, ನೀನು ಕದ್ದು ಮಲಗಿದ್ಯಾ?" ಎಂದರು. ಡಾಕ್ಟರಿಗೆ ಹೇಳದೆ ಇರಲು ಆಗುವುದಿಲ್ಲ ಎಂದರು. ನಾನು ತಪ್ಪೊಪ್ಪಿಗೆ ಬರೆದು ಕೊಟ್ಟೆ. ಕೆಲಸ ಹೋಗಲಿಲ್ಲ, ಆದರೆ ಪಟ್ಟಿ ಬರೆಯುವ ಜವಾಬ್ದಾರಿಯನ್ನು ಪಕ್ಕದೂರಿನ ಆಶಾ ಕಾರ್ಯಕರ್ತೆಗೆ ಕೊಟ್ಟರು. ಸರಿಯಾಗಿಯೇ ಮಾಡಿದರು. ಕೊನೆಗೆ ಸಿಸ್ಟರ್ ಹೊಸ ಚೀಟಿಯಲ್ಲಿ ಸುಮಿತ್ರಾ, ನಲವತ್ತಮೂರು ಎಂದು ಬರೆದು, "ಊಟ ಮಾಡಿ ಹೋಗು" ಎಂದರು.

ಶಿವಮೊಗ್ಗಕ್ಕೆ ಹೋಗುವ ದಿನ ಬಸ್ ನಿಲ್ದಾಣಕ್ಕೆ ಗಂಡ ಆಟೋದಲ್ಲಿ ಬಿಟ್ಟರು. ಜೊತೆಗೆ ಬರುತ್ತೇನೆ ಎಂದಿದ್ದರು, ನಾನೇ ಬೇಡ ಎಂದಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಗಿರಿಜಕ್ಕ ಕೂತಿದ್ದಳು. ಓಲೆ ಕಿವಿಗೆ ವಾಪಸು ಬಂದಿತ್ತು. ಮಡಿಲಲ್ಲಿ ಟಿಫಿನ್ ಡಬ್ಬಿ. ಹನ್ನೊಂದು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು. "ನನ್ ಹೆಸ್ರಲ್ಲಿ ಬಂದ ಕಾಯಿಲೆ, ನಾನು ನೋಡ್ಬಾರ್ದಾ? ಕೂತ್ಕೋ" ಎಂದಳು.

ಆಸ್ಪತ್ರೆಯಲ್ಲಿ ಉದ್ದದ ಬೆಂಚು. ಅದು ತುಂಬಿ, ಎದುರಿನ ಬೆಂಚೂ ತುಂಬಿ, ಗೋಡೆಗೆ ಒರಗಿ ನಿಂತವರಿದ್ದರು. ಎಲ್ಲರ ಕೈಯಲ್ಲೂ ನನ್ನ ಕೈಯಲ್ಲಿದ್ದಂಥದೇ ಚೀಟಿ. ಹೊಸನಗರದ ಕಡೆಯ ಹುಡುಗಿಯೊಬ್ಬಳು ಕೂಸನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋಗಿ ಬಂದಳು. ಟೀಚರ್ ಒಬ್ಬರು ಉತ್ತರ ಪತ್ರಿಕೆಗಳ ಕಟ್ಟು ತಂದು ಅಲ್ಲೇ ತಿದ್ದುತ್ತಿದ್ದರು. ತುಂಬಾ ಜನಕ್ಕೆ ಬರುತ್ತೆ ಎಂದು ನಾನು ಅಂಗಳ ಅಂಗಳದಲ್ಲಿ ಹೇಳಿದ್ದೆನಲ್ಲ, ಆ ತುಂಬಾ ಜನ ಇಲ್ಲಿ ಕೂತಿದ್ದರು. ಕಾಲು ಜೋಡಿಸಿಕೊಂಡು, ಯಾರ ಮುಖವನ್ನೂ ಯಾರೂ ನೋಡದೆ. ನಾನು ಆ ಮಾತನ್ನು ಎಷ್ಟು ಹಗುರವಾಗಿ ಹೇಳುತ್ತಿದ್ದೆ ಎಂದು ನೆನಪಾಯಿತು.

ಪಕ್ಕದಲ್ಲಿ ಕೂತಿದ್ದವಳು ಒಮ್ಮೆ ನನ್ನ ಕಡೆ ತಿರುಗಿದಳು. ತೀರ್ಥಹಳ್ಳಿ ಕಡೆಯ ಮೇಳಿಗೆ ಎಂಬ ಊರು ನನ್ನ ತವರು, ಇವಳು ಅಲ್ಲಿಯವಳು, ನನ್ನ ಅಮ್ಮನ ಮನೆಯಿಂದ ನಾಲ್ಕನೇ ಮನೆ. ಇಬ್ಬರಿಗೂ ಒಟ್ಟಿಗೇ ಗುರುತು ಸಿಕ್ಕಿತು. ಅವಳು ಸುತ್ತ ನೋಡಿ, ಮೆಲ್ಲಗೆ, "ನಾನು ನಿನ್ನ ನೋಡಿಲ್ಲ, ನೀನು ನನ್ನ ನೋಡಿಲ್ಲ. ಆಯ್ತಾ?" ಎಂದಳು. ಆಯ್ತು ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ನಂದು ಮೂರನೇ ಸಲ. ಒಳಗಿನ ಡಾಕ್ಟ್ರು ಒಳ್ಳೆಯವ್ರು, ಮಾಡೋ ಮುಂಚೆ ಹೇಳಿ ಮಾಡ್ತಾರೆ" ಎಂದಳು, ನನ್ನನ್ನು ನೋಡದವಳು. ಆ ದಿನ ಯಾರಾದರೂ ನನಗೆ ಹೇಳಿದ ಅತ್ಯಂತ ಉಪಯೋಗದ ಮಾತು ಅದು.

ಒಳಗೆ ದೊಡ್ಡ ಕನ್ನಡಕದಂಥ ಯಂತ್ರದಿಂದ ನೋಡಿದರು, ಚಿವುಟಿದಂತೆ ಒಂದು ಚೂರು ತೆಗೆದರು. ನೋವಾಯಿತಾ ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಗೊತ್ತಾಗಿರಲಿಲ್ಲ. ಹೊರಗೆ ಬಂದಾಗ ಗಿರಿಜಕ್ಕ ಡಬ್ಬಿ ಬಿಚ್ಚಿದಳು. ಮೊಸರನ್ನ, ಅದರ ಮೇಲೆ ಎರಡು ಅಪ್ಪೆಮಿಡಿ. "ಭರಣಿ ಕೊಡಲ್ಲ. ಇಷ್ಟೇ" ಎಂದಳು. ಆಸ್ಪತ್ರೆಯ ಮರದ ಕಟ್ಟೆಯ ಮೇಲೆ ಕೂತು ತಿಂದೆವು. ಅಪ್ಪೆಮಿಡಿ ಅಂದರೆ ಜೀವ ಬಿಡುವವಳು ನಾನು, ಅವತ್ತು ಉಪ್ಪು ಗೊತ್ತಾಗಲಿಲ್ಲ, ಹುಳಿ ಗೊತ್ತಾಗಲಿಲ್ಲ. ಚೆನ್ನಾಗಿದೆ ಎಂದೆ. ಅವಳು ನಂಬಲಿಲ್ಲ.

ಚೂರಿನ ರಿಪೋರ್ಟ್ ಬರುವವರೆಗಿನ ದಿನಗಳನ್ನು ಏನು ಬರೆಯಲಿ? ಚುಚ್ಚುಮದ್ದಿನ ದಿನಕ್ಕೆ ಮಕ್ಕಳನ್ನು ಕರೆದೆ. ಒಂದು ಹೆರಿಗೆಗೆ ಹೋದೆ. ನಾನು ಸತ್ತರೆ ಈ ರಿಜಿಸ್ಟರ್ ಯಾರಿಗೂ ಅರ್ಥವಾಗುವುದಿಲ್ಲ ಎಂದು ಗೀಚಿದ ಅಕ್ಷರಗಳನ್ನೆಲ್ಲ ಬಿಡಿಸಿ ಬರೆದೆ. ಹೆದರಿಕೆ ನನ್ನೊಳಗೆ ಇರಲಿಲ್ಲ, ಮನೆಯಲ್ಲಿತ್ತು. ಗಂಡ ಬೆಳಿಗ್ಗೆ ಎದ್ದು ತಾವೇ ಬಿಸಿನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿ, ನನ್ನ ಚೀಲದಲ್ಲಿಡುತ್ತಿದ್ದರು. ಬಿಸಿನೀರು ಯಾಕೆ ಎಂದು ನಾನು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಕ್ಯಾನ್ಸರ್ ಅಲ್ಲ ಎಂದು ಬಂತು. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಎಂದರು ಡಾಕ್ಟರ್. ಇನ್ನೊಂದು ದಿನ ಕರೆದು ಆ ಭಾಗವನ್ನು ಕಾದ ತಂತಿಯಿಂದ ತೆಗೆದರು, ಸಂಜೆ ಮನೆಗೆ ಕಳಿಸಿದರು. ವರ್ಷ ವರ್ಷ ಬಂದು ತೋರಿಸಿಕೊಳ್ಳಬೇಕು. ಸುದ್ದಿ ಕೇಳಿ ಗಿರಿಜಕ್ಕ ಅತ್ತಳು, ನನ್ನ ಗಂಡ ಮೂಗು ಸೀಟಿಕೊಂಡರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಇಂಥ ವಿಷಯ ಹಳ್ಳಿಯಲ್ಲಿ ಮುಚ್ಚಿಡಲು ಆಗುವುದಿಲ್ಲ. ಆಡಿಕೊಂಡವರು ಆಡಿಕೊಂಡರು. ಊರಿಗೆ ಉಪದೇಶ ಹೇಳಿದವಳ ಕಥೆ ನೋಡಿ ಎಂದರು, ಅದು ಸುಳ್ಳಲ್ಲವಲ್ಲ. ಆದರೆ ಇನ್ನೊಂದೂ ಆಯಿತು. ಹಾಲಿನ ಡೇರಿಯ ಹತ್ತಿರ ಒಬ್ಬಳು ನನ್ನ ಕೈ ಹಿಡಿದು ನಿಲ್ಲಿಸಿ, "ನಂಗೂ ಹಿಂಗೇ ಬಂದಿತ್ತು, ಚಿಕ್ಕವ್ಳು ಹುಟ್ಟಿದ್ಮೇಲೆ. ಯಾರಿಗೂ ಹೇಳಿಲ್ಲ" ಎಂದಳು. ಇನ್ನೊಬ್ಬಳು ಫೋನ್ ಮಾಡಿ ಹೇಳಿದಳು. ಮೂರನೆಯವಳು ನಾನು ಹತ್ತು ವರ್ಷದಿಂದ ತಿಂಗಳು ತಿಂಗಳು ಹೋಗಿ ಚಹಾ ಕುಡಿಯುವ ಮನೆಯವಳು. ಅವಳ ಮೂರೂ ಹೆರಿಗೆಗೆ ಜೊತೆ ಹೋದವಳು ನಾನೇ. ಇದೊಂದು ನನಗೆ ಗೊತ್ತಿರಲಿಲ್ಲ. ನಾನೇ ಮಾಡಿಸಿಕೊಂಡಿದ್ದೇನೆ, ಏನೂ ಆಗಲಿಲ್ಲ ಎಂದು ನಗುನಗುತ್ತಾ ಹೇಳಿದವಳ ಹತ್ತಿರ, ಏನೋ ಆದವಳು ಹೇಗೆ ಬಾಯಿ ಬಿಡುತ್ತಾಳೆ?

ಈ ವರ್ಷ ಮತ್ತೆ ಕ್ಯಾಂಪ್ ಬಂತು. ಮನೆ ಮನೆಗೆ ಹೋಗಿ ಈ ಸಲ ಹೀಗೆ ಹೇಳಿದೆ: "ಹೋದ ಸಲ ನಾನು ಸುಳ್ಳು ಹೇಳಿದ್ದೆ. ಮಾಡಿಸ್ಕೊಂಡಿರ್ಲಿಲ್ಲ. ಆಮೇಲೆ ಮಾಡಿಸ್ಕೊಂಡೆ, ನಂಗೇ ಬಂತು. ಸ್ವಲ್ಪ ನೋವಾಗುತ್ತೆ." ಹೋದ ಸಲಕ್ಕಿಂತ ಕಡಿಮೆ ಜನ ಬಂದರು. ಗಿರಿಜಕ್ಕ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ನನ್ನ ಜೊತೆ ಮೂರು ಸಲ ಶಿವಮೊಗ್ಗಕ್ಕೆ ಬಂದು ಹೊರಗಿನ ಬೆಂಚಿನಲ್ಲಿ ಕೂತವಳು, ತನ್ನ ಮಾತು ಬಂದರೆ ಪ್ರತಿ ಸಲವೂ ಕೋಳಿಗೆ ಅಕ್ಕಿ ಹಾಕುವ ನೆಪ ಹೇಳಿ ಎದ್ದು ಹೋಗುತ್ತಿದ್ದಳು.

ಮಧ್ಯಾಹ್ನ ಎಲ್ಲ ಮುಗಿಯುವ ಹೊತ್ತಿಗೆ ಬಂದಳು. ಚಪ್ಪಲಿ ಕಾಲಲ್ಲೇ ಇತ್ತು. "ನೀನು ಒಳಗೆ ಬರ್ತೀಯಾ?" ಎಂದು ಕೇಳಿದಳು. ಪಟ್ಟಿ ನನ್ನ ಕೈಯಲ್ಲಿಲ್ಲದ್ದರಿಂದ ನನಗೆ ಬಾಗಿಲಲ್ಲಿ ನಿಲ್ಲುವ ಕೆಲಸವೂ ಇರಲಿಲ್ಲ. ಹೋದೆ.

ಮೇಜಿನ ಮೇಲೆ ಮಲಗಿ ಗಿರಿಜಕ್ಕ ಮೇಲಿನ ಮಾಡು ನೋಡುತ್ತಿದ್ದಳು. ಡಾಕ್ಟರಮ್ಮ ಹೆಸರು ಕೇಳಿದರು.

"ಗಿರಿಜಮ್ಮ. ಈ ಸಲ ನಾನೇ" ಎಂದಳು.

ಅವಳು ನನ್ನ ಕೈ ಹಿಡಿದುಕೊಂಡಳು. ಹಾವಿನ ಬಾಲ ಹಿಡಿದೆಳೆದ ಕೈ ಅದು. ಹಿಡಿತ ಬಿಗಿಯಾಗುತ್ತಾ ಹೋಗಿ ನನ್ನ ಗಾಜಿನ ಬಳೆಯೊಂದು ಚಟ್ ಎಂದು ಒಡೆದು ಮಣಿಕಟ್ಟಿಗೆ ಚುಚ್ಚಿತು. ರಕ್ತ ಬಂತು. ನೋವಾಯಿತು, ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. "ಅಮ್ಮಾ" ಎಂದು ಕೂಗಿದವಳು ನಾನು.

"ನಂಗೆ ಮಾಡ್ತಿದ್ರೆ ನೀನ್ಯಾಕೆ ಕೂಗ್ತೀಯಾ?" ಎಂದಳು ಗಿರಿಜಕ್ಕ, ಮಲಗಿದಲ್ಲಿಂದಲೇ.

ಅಳು ಶುರುವಾಗಿತ್ತು, ನಿಲ್ಲಲಿಲ್ಲ. ಅವಳದು ಮುಗಿದ ಮೇಲೂ ನಿಲ್ಲಲಿಲ್ಲ. ಸಿಸ್ಟರ್ ಬಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಮಣಿಕಟ್ಟಿಗೆ ಹತ್ತಿ ಒತ್ತಿದರು. ಗಿರಿಜಕ್ಕ ಸೀರೆ ಸರಿ ಮಾಡಿಕೊಂಡು ನನ್ನ ಪಕ್ಕ ನಿಂತಳು. ಅವಳ ರಿಪೋರ್ಟ್ ಇನ್ನೂ ಬಂದಿಲ್ಲ. ಮೊನ್ನೆ ಭರಣಿ ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟು ಹೋಗಿದ್ದಾಳೆ. ಈ ವರ್ಷದ ಮಿಡಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿದೆ.